ಸೋಯಾ ಹಿಂಡಿಯ ಜೊತೆ ಲಂಕೆಗೆ

ಉದಗೀರ

ನಾನು ಪರದೇಶಕ್ಕೆ ಹೋಗಿ ಬಂದೆ ಎಂದು ತಿಳಿದವರೆಲ್ಲ ಮೊದಲು ಕೇಳುವುದು, ವಿಮಾನದಲ್ಲಿ ಊಟಕ್ಕೆ ಏನು ಕೊಟ್ಟರು ಎಂದು. ಹೋಗುವಾಗ ನಾನು ವಿಮಾನ ಹತ್ತಲಿಲ್ಲ, ಕೋಳಿಗಳ ಊಟದ ಜೊತೆ ಹೋದೆ. ಸೋಯಾಬೀನಿನಿಂದ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯನ್ನು ಹಡಗಿಗೆ ತುಂಬಿ ಶ್ರೀಲಂಕಾಕ್ಕೆ ಕಳಿಸುತ್ತಾರೆ. ಅಲ್ಲಿಯ ಕೋಳಿಗಳು ಅದನ್ನು ತಿಂದು ಮೊಟ್ಟೆ ಇಡುತ್ತವೆ. ನಮ್ಮ ಮನೆಯಲ್ಲಿ ಮೊಟ್ಟೆಯ ಹೆಸರೆತ್ತಿದರೆ ಹೆಂಡತಿ ಹಣೆಗೆ ಇನ್ನೊಂದು ಸಲ ವಿಭೂತಿ ಹಚ್ಚಿಕೊಳ್ಳುತ್ತಾಳೆ, ಆದರೆ ಮೂವತ್ತು ವರ್ಷ ನಮ್ಮ ಒಲೆ ಉರಿದದ್ದು ಕೋಳಿಗಳ ದಯೆಯಿಂದಲೇ.

ಉದಗೀರದ ಒಂದು ಎಣ್ಣೆ ಗಿರಣಿಯಲ್ಲಿ ನನ್ನ ಕೆಲಸ ಇಷ್ಟೇ. ಹಿಂಡಿ ತುಂಬಿದ ಪ್ರತಿ ಲಾರಿಯಿಂದ ಒಂದು ಮುಷ್ಟಿ ತೆಗೆಯಬೇಕು, ತೇವ ಅಳೆಯುವ ಮಷೀನಿಗೆ ಹಾಕಬೇಕು, ಒಣಗಿದೆ ಎಂದು ಸಹಿ ಮಾಡಬೇಕು. ಸಹಿಯ ಕೆಳಗೆ ಗುರುಲಿಂಗಪ್ಪ, ಕಾಸಾರಶಿರಸಿ ಎಂದು ಬರೆಯುತ್ತೇನೆ. ಊರಿನ ಹೆಸರು ಬರೆಯಬೇಕೆಂದು ನಿಯಮವಿಲ್ಲ. ಬರೆದರೆ ಸಹಿಗೆ ತೂಕ ಬರುತ್ತದೆ ಎಂದು ನನ್ನ ಭಾವನೆ.

ಈ ಸಲ ಕೊನೆಯ ದಿನ ಅಕಾಲದ ಮಳೆ ಬಂತು. ಕೊನೆಯ ಕೆಲವು ಲಾರಿಗಳ ತಾಡಪತ್ರಿ ಹರಿದಿತ್ತು. ಮಷೀನು ದುರಸ್ತಿಗೆ ಹೋಗಿತ್ತು. ಗಿರಣಿಯ ಶೇಟಜಿ ಗಡಿಯಾರ ನೋಡುತ್ತ, "ಕಾಕಾ, ನಿಮ್ಮ ಮೂಗೇ ನಮಗ ಮಷೀನು. ಹಡಗ ಯಾರಿಗೂ ಕಾಯಂಗಿಲ್ಲ" ಎಂದರು. ಒಂದು ಮುಷ್ಟಿ ಹಿಂಡಿ ಹಿಡಿದು ಒತ್ತಿದೆ. ಒಣ ಹಿಂಡಿ ಬೆರಳ ಸಂದಿಯಿಂದ ಉದುರಿಹೋಗಬೇಕು. ಇದು ಬೇಸನ್ ಉಂಡೆಯ ಹಾಗೆ ಅಂಗೈಯಲ್ಲಿ ಗುಂಡಗೆ ಕುಳಿತಿತು. ನಾನು ಉಂಡೆಯನ್ನು ಪುಡಿ ಮಾಡಿ, ಕೈ ಝಾಡಿಸಿ, ಸಹಿ ಮಾಡಿದೆ.

ಇದನ್ನು ಮೊದಲೇ ಹೇಳಿಬಿಡುತ್ತಿದ್ದೇನೆ. ಮುಂದೆ ನಾನು ಹಡಗಿನವರನ್ನು ಆಡಿಕೊಳ್ಳುತ್ತೇನೆ, ಆಗ ಓದುವವರಿಗೆ ಈ ಉಂಡೆ ನೆನಪಿರಲಿ.

ಹಿಂದಿನ ಸಲ ಮಾಲು ಗಡ್ಡೆ ಕಟ್ಟಿತ್ತೆಂದು ಲಂಕೆಯ ಗಿರಾಕಿ ಸಿಟ್ಟಾಗಿದ್ದ. ಈ ಸಲ ಮಾಲಿನ ಜೊತೆ ಗಿರಣಿಯ ಒಬ್ಬ ಜವಾಬ್ದಾರ ಮನುಷ್ಯ ಬರಲೇಬೇಕೆಂದು ಹಟ ಹಿಡಿದ. ಅಂಥ ಮನುಷ್ಯನಿಗೆ ಹಡಗಿನ ಭಾಷೆಯಲ್ಲಿ ಸೂಪರ್‌ಕಾರ್ಗೊ ಎನ್ನುತ್ತಾರೆ. ಶೇಟಜಿ ಗಿರಣಿಯನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿ ನನ್ನನ್ನು ಆರಿಸಿದರು.

ಮನೆಯಲ್ಲಿ ಹೇಳಿದಾಗ ಹೆಂಡತಿ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ಹಡಗ ಮುಳಗಿದ್ರ ಏನ್ ಮಾಡ್ತೀರಿ? ಹಳ್ಳದಾಗ ಕಾಲಿಟ್ರ ನಿಮಗ ತಲಿ ತಿರಗ್ತದ."

"ಏನೂ ಆಗಂಗಿಲ್ಲ. ಹಡಗಿಗಿ ಸರ್ಟಿಫಿಕೇಟ್ ಅದ."

"ಅದಕ್ಕ ಸಹಿ ಮಾಡಿದಾವ್ರೂ ನಿಮ್ಮಂಥಾವ್ರೇ ಇರಬೇಕಲ್ಲ?" ಎಂದು ಮತ್ತೆ ತಟ್ಟತೊಡಗಿದಳು. ಮೂವತ್ತು ವರ್ಷದಲ್ಲಿ ಆಕೆ ಒಮ್ಮೆಯೂ ಗಿರಣಿಯೊಳಗೆ ಕಾಲಿಟ್ಟಿಲ್ಲ. ಆದರೂ ಎಲ್ಲ ಗೊತ್ತು.

ಉಮರ್ಗಾ

ಲಾರಿಯಲ್ಲಿ ಡ್ರೈವರನ ಪಕ್ಕ ಕುಳಿತು ನಿಲಂಗಾ ದಾಟಿ ಉಮರ್ಗಾಕ್ಕೆ ಬಂದೆ. ಸೀಟ್‌ಬೆಲ್ಟ್ ಹಾಕಿಕೊಳ್ಳದಿದ್ದರೆ ಆ ಹೊಸ ಲಾರಿ ಕೀರಲು ದನಿಯಲ್ಲಿ ಕೂಗುತ್ತದೆ. ಡ್ರೈವರ್ ಅದಕ್ಕೆ ಉಪಾಯ ಮಾಡಿದ್ದ. ಹಳೆಯ ಬೆಲ್ಟಿನ ಕೊಕ್ಕೆಯೊಂದನ್ನು ಕತ್ತರಿಸಿ ತಂದು ಆ ತೂತಿನಲ್ಲಿ ಸಿಕ್ಕಿಸಿಬಿಟ್ಟಿದ್ದ. ಲಾರಿಗೆ ಸಮಾಧಾನ, ಡ್ರೈವರನಿಗೆ ಆರಾಮ. "ಮಷೀನಿಗಿ ಏನ್ ಬೇಕ, ಅದನ್ನ ಕೊಟ್ಟೀನ್ರಿ ಕಾಕಾ. ನನಗ ಏನ್ ಬೇಕ, ಅದನ್ನ ನಾ ತಗೊಂಡೀನಿ" ಎಂದ. ಮುಂದೆ ಹಡಗಿನಲ್ಲಿ ನಾನು ಕಂಡದ್ದೆಲ್ಲ ಈ ಒಂದು ಮಾತಿನ ವಿಸ್ತಾರವೇ.

ಲಾರಿ ನಿಧಾನವೆಂದು ಉಮರ್ಗಾದಿಂದ ಬಸ್ಸು ಹಿಡಿದೆ. ನನ್ನ ಪಕ್ಕದ ಕಿಟಕಿಯ ಮೇಲೆ ಕೆಂಪು ಅಕ್ಷರದಲ್ಲಿ ಸಂಕಟಕಾಲದಲ್ಲಿ ಹೊರಬೀಳುವ ಮಾರ್ಗ ಎಂದು ಮರಾಠಿಯಲ್ಲಿ ಬರೆದಿತ್ತು. ಆ ಕಿಟಕಿಯ ಹಿಡಿಕೆಗೆ ತಂತಿ ಸುತ್ತಿ ಬಿಗಿದಿದ್ದರು. ಯಾಕೆ ಎಂದು ಕಂಡಕ್ಟರನನ್ನು ಕೇಳಿದೆ. "ಅಹೋ ಕಾಕಾ, ಅದು ತೆರೆದುಕೊಂಡು ಯಾರಾದರೂ ಬಿದ್ದರೆ?" ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ಸೋಲಾಪುರದವರೆಗೂ ಯತ್ನಿಸಿದೆ, ಸಿಗಲಿಲ್ಲ.

ಮುಂಬೈ ಬಂದರು

ಹಡಗೆಂದರೆ ದೋಣಿಯ ದೊಡ್ಡಣ್ಣ ಎಂದು ತಿಳಿದಿದ್ದೆ. ಅದು ನಮ್ಮ ಉದಗೀರದ ಕೋಟೆಯ ಗೋಡೆಯೊಂದನ್ನು ತಂದು ನೀರಿಗೆ ಬಿಟ್ಟ ಹಾಗಿತ್ತು. ಗೋಡೆಯ ಮೇಲೆಲ್ಲ ಬರಹ. ಸುರಕ್ಷತೆಯೇ ಮೊದಲು. ಹೆಲ್ಮೆಟ್ ಧರಿಸಿ. ನಿಮ್ಮ ಮನೆಯವರು ಕಾಯುತ್ತಿದ್ದಾರೆ. ಇಷ್ಟು ಬೋಧನೆಯನ್ನು ನಾನು ಮಠದ ಗೋಡೆಯ ಮೇಲೂ ಕಂಡಿಲ್ಲ.

ಹತ್ತಿದ ಕೂಡಲೇ ಚೀಫ್ ಆಫೀಸರ್ ನನ್ನನ್ನು ಎದುರುಗೊಂಡರು. ಕ್ಯಾಪ್ಟನ್ನರ ಕೆಳಗಿನ ದೊಡ್ಡವರು ಇವರು. ಮಾಲಿನ ಹೊಣೆಯೂ, ಸುರಕ್ಷತೆಯ ಹೊಣೆಯೂ ಇವರದೇ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅಷ್ಟೇ ಇಸ್ತ್ರಿ ಮಾಡಿದ ಹಿಂದಿ. ಒಂದು ಹೆಲ್ಮೆಟ್ ಕೊಟ್ಟು, ಆರು ಕಾಗದ ಮುಂದಿಟ್ಟು, ಹಡಗಿನ ಸುರಕ್ಷತೆಯ ಪಾಠವನ್ನೆಲ್ಲ ಕೇಳಿ ಅರ್ಥಮಾಡಿಕೊಂಡಿದ್ದೇನೆ ಎಂದು ಸಹಿ ಮಾಡಲು ಹೇಳಿದರು.

"ಪಾಠ ಯಾವಾಗ ಸಾಹೇಬ್?" ಎಂದೆ.

"ಅದು ಆರನೇ ಕಾಗದದಲ್ಲಿದೆ, ಆಮೇಲೆ ಓದಿಕೊಳ್ಳಿ" ಎಂದರು. ಸಹಿ ಮಾಡಿದೆ. ಒಬ್ಬ ಸಹಿಗಾರನಿಗೆ ಇನ್ನೊಬ್ಬ ಸಹಿಗಾರನ ಕಷ್ಟ ಗೊತ್ತಿರುತ್ತದೆ.

ಕಟಕಟೆ ಹಿಡಿದುಕೊಂಡು ಮನೆಗೆ ಫೋನು ಮಾಡುತ್ತಿದ್ದೆ. ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಡಬ್ಬಿಯನ್ನು ಹೆಂಡತಿ ಎಲ್ಲಿಟ್ಟಿದ್ದಾಳೆ ಎಂದು ಕೇಳುತ್ತಿರುವಾಗ ಹಿಂದಿನಿಂದ ಯಾರೋ, "ಅಯ್ಯ ಶಿವನೇ, ಕಾಕಾ ನೀವ್ ಯಾ ಕಡಿಯವ್ರು?" ಎಂದರು. ತಿರುಗಿ ನೋಡಿದೆ. ಎಣ್ಣೆ ಹಿಡಿದ ನೀಲಿ ಉಡುಪು, ಕಟ್ಟುಮಸ್ತಾದ ಆಳು, ಮೀಸೆಯಲ್ಲಿ ಅರ್ಧ ನೆರೆ.

"ಕಾಸಾರಶಿರಸಿ. ಈಗ ಉದಗೀರ."

"ನಂದು ಔರಾದ ಶಹಾಜನಿ ರೀ! ನಿಲಂಗಾ ತಾಲೂಕಾ! ದಿಲೀಪ ಅಂತಾರ ನನಗ. ಇಲ್ಲಿ ನಾ ಸಾರಂಗ." ಎರಡೂ ಕೈಯಿಂದ ನನ್ನ ಕೈ ಹಿಡಿದುಕೊಂಡ. ಸಾರಂಗನೆಂದರೆ ಹಡಗಿನ ಖಲಾಸಿಗಳ ಮುಖಂಡ. ನಮ್ಮ ಕಡೆ ಎತ್ತ ನೋಡಿದರೂ ಕರಿಮಣ್ಣು, ಸಮುದ್ರವನ್ನು ಭೂಗೋಳದ ಪುಸ್ತಕದಲ್ಲಿ ನೋಡಬೇಕು. ಇವನು ಹದಿನೆಂಟು ವರ್ಷದಿಂದ ಸಮುದ್ರದ ಮೇಲಿದ್ದಾನೆ. ಈಜು ಕಲಿತದ್ದು ಮಾವನ ಹೊಲದ ಬಾವಿಯಲ್ಲಂತೆ.

"ಕಾಕಾ, ಖಡಕ್ ರೊಟ್ಟಿ ತಂದೀರೇನ್ರಿ?" ಎಂದ. ತಂದಿದ್ದೆ. ಆ ಕ್ಷಣದಿಂದ ಹಡಗಿನಲ್ಲಿ ನನಗೊಬ್ಬ ತಮ್ಮ ಸಿಕ್ಕ.

ಹಿಂಡಿ ತುಂಬಿದ ಖಾನೆಗಳಿಗೆ ಹೋಲ್ಡ್ ಎನ್ನುತ್ತಾರೆ. ಒಂದೊಂದರಲ್ಲಿ ನಮ್ಮ ಶಾಲೆಯ ಕಟ್ಟಡ ಪೂರ್ತಿ ಹಿಡಿಯುತ್ತದೆ. ಕೊನೆಯ ಲಾರಿಗಳ ಮಾಲು ಎರಡನೇ ಹೋಲ್ಡಿಗೆ ಬಿತ್ತು. ಕಬ್ಬಿಣದ ಮುಚ್ಚಳ ಸರಿದು ಮುಚ್ಚಿಕೊಂಡಾಗ ನನಗೆ ಆ ಉಂಡೆ ನೆನಪಾಯಿತು. ಒದ್ದೆ ಹಿಂಡಿ ಒಳಗೊಳಗೇ ಬಿಸಿಯಾಗುತ್ತದೆ, ಬಿಸಿಯಾಗುತ್ತ ಸುತ್ತಲಿನ ಉಸಿರುಗಾಳಿಯನ್ನೆಲ್ಲ ತಿಂದುಬಿಡುತ್ತದೆ. ಆಮೇಲೆ ಅಲ್ಲಿಗೆ ಇಳಿದವನು ಮೆಟ್ಟಿಲ ಮೇಲೇ ಕುಸಿಯುತ್ತಾನೆ. ಆದರೆ ಸಮುದ್ರದ ನಡುವೆ ಅಲ್ಲಿಗೆ ಇಳಿಯುವವರು ಯಾರು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಮುದ್ರದ ಮೊದಲ ದಿನ

ಸಮುದ್ರದ ವರ್ಣನೆ ಮಾಡಬೇಕೆಂದು ಡೈರಿ ತಂದಿದ್ದೆ. ಮೊದಲ ದಿನ ನಾನು ನೋಡಿದ್ದು ಒಂದು ಪ್ಲಾಸ್ಟಿಕ್ ಬಕೆಟ್ಟಿನ ತಳ. ಮಧ್ಯಾಹ್ನದ ಹೊತ್ತಿಗೆ ದಿಲೀಪ ನಿಂಬೆಹಣ್ಣು ಹೆಚ್ಚಿ ತಂದು ಮೂಗಿಗೆ ಹಿಡಿದ, ಆಗ ಎದ್ದು ಕುಳಿತೆ. ಆ ನಿಂಬೆ ಎಲ್ಲಿಂದ ಬಂತೆಂದರೆ, ಹಡಗು ನಡೆಸುವ ಕೋಣೆಯಲ್ಲಿ ರಾಡಾರಿನ ಪಕ್ಕ ಏಳು ಮೆಣಸಿನಕಾಯಿಯ ಜೊತೆ ಕಟ್ಟುವ ನಿಂಬೆಗಳ ದಾಸ್ತಾನಿನಿಂದ. ದಿಲೀಪ ಹೇಳಿದಂತೆ, ಆ ಹಡಗಿನಲ್ಲಿ ವಾರವಾರ ತಪ್ಪದೆ ಬದಲಾಯಿಸುತ್ತಿದ್ದ ಸುರಕ್ಷತಾ ಸಾಮಗ್ರಿ ಅದೊಂದೇ.

ಎದ್ದು ಕುಳಿತ ಹೊತ್ತಿಗೇ ಗಂಟೆ ಬಾರಿಸಿದರು. ಹಡಗು ಮುಳುಗಿದರೆ ಏನು ಮಾಡಬೇಕೆಂಬ ಕವಾಯತು. ಎಲ್ಲರೂ ಕಿತ್ತಳೆ ಬಣ್ಣದ ಜಾಕೀಟು ತೊಟ್ಟು, ಜೀವರಕ್ಷಕ ದೋಣಿಯ ಮುಂದೆ ಮದುವೆಯ ಫೋಟೊಕ್ಕೆ ನಿಂತ ಹಾಗೆ ನಿಂತೆವು. ಚೀಫ್ ಸಾಹೇಬರು ಎಡದಿಂದ ಒಂದು, ಬಲದಿಂದ ಒಂದು ಫೋಟೊ ತೆಗೆದರು. "ಆಯಿತು" ಎಂದರು. ದೋಣಿಯನ್ನು ಇಳಿಸಲಿಲ್ಲವಲ್ಲ ಎಂದೆ. "ಇಳಿಸಿದರೆ ಬಣ್ಣ ಕೀಳುತ್ತದೆ" ಎಂದರು. ಹತ್ತಿರ ಹೋಗಿ ನೋಡಿದೆ. ನಿಜ, ದೋಣಿಯನ್ನೂ ಅದರ ಕೊಕ್ಕೆಯನ್ನೂ ಒಂದೇ ಬಳಿತದಲ್ಲಿ ಕೂಡಿಸಿ ಅಚ್ಚುಕಟ್ಟಾಗಿ ಬಣ್ಣ ಹಚ್ಚಿದ್ದರು. ನನಗೆ ಬಸ್ಸಿನ ಕಂಡಕ್ಟರ್ ಕಣ್ಣ ಮುಂದೆ ಬಂದ.

ದಿಲೀಪನ ರೀತಿ ಬೇರೆ. ಕಂಬ ಹತ್ತುವ ಮೊದಲು ಹಗ್ಗವನ್ನು ಮೈಭಾರ ಬಿಟ್ಟು ಎರಡು ಸಲ ಜಗ್ಗುತ್ತಿದ್ದ. ಏಣಿಯ ಪ್ರತಿ ಮೆಟ್ಟಿಲಿಗೂ ಸುತ್ತಿಗೆಯಿಂದ ಬಡಿದು ಕಿವಿಗೊಡುತ್ತಿದ್ದ. ಈ ಏಣಿಯನ್ನು ಹೋದ ವಾರವಷ್ಟೇ ಪರೀಕ್ಷಿಸಿದ್ದಾಗಿ ರಜಿಸ್ಟರಿನಲ್ಲಿ ಬರೆದಿದೆಯಲ್ಲ ಎಂದು ನಾನು ಚೇಷ್ಟೆ ಮಾಡಿದೆ.

"ಬರದಾರ ಖರೆ. ಏಣಿ ಮುರದ್ರ ಆ ರಜಿಸ್ಟರ್ ಬಂದ್ ನನಗ ಹಿಡ್ಕೋತದೇನ್ರಿ?" ಎಂದ. ಒಮ್ಮೆ ಇಂಥದೇ ಜಗಳದಲ್ಲಿ ನಡುಬಂದರಿನಲ್ಲಿ ನೌಕರಿ ಬಿಟ್ಟು ಇಳಿದು ಹೋಗಿದ್ದನಂತೆ. ಔರಾದದಲ್ಲಿ ಹೆಂಡತಿ, ಎಂಟನೇ ತರಗತಿ ಓದುವ ಮಗಳು. ಮಗಳ ಫೋಟೊ ತೋರಿಸಿದ. ನಾನು ತಂದ ರೊಟ್ಟಿಯನ್ನು ಸಂಜೆಯ ಚಹಾದಲ್ಲಿ ಅದ್ದಿ ತಿನ್ನುತ್ತ, "ಕಾಕಾ, ನಮ್ಮ ಮಂದಿ ಕೈ ರೊಟ್ಟಿ ತಿಂದು ಆರ್ ತಿಂಗಳಾಯ್ತು ನೋಡ್ರಿ" ಎಂದ. ಒದ್ದೆ ಹಿಂಡಿಯ ಮಾತು ನನ್ನ ನಾಲಿಗೆಯ ತುದಿಗೆ ಬಂತು. ಹೇಳಿದರೆ ಇವನು ನನ್ನ ರೊಟ್ಟಿ ತಿನ್ನುವುದು ಬಿಟ್ಟಾನೆಂದು ಸುಮ್ಮನಾದೆ. ಮರುದಿನವೂ ಹಾಗೇ ಆಯಿತು.

ಸಮುದ್ರದ ಮೂರನೇ ದಿನ

ಬೆಳಿಗ್ಗೆ ಎರಡನೇ ಹೋಲ್ಡಿನ ಗಾಳಿಕಿಂಡಿಯ ಹತ್ತಿರ ಹುಳಿ ವಾಸನೆ ಬಂತು. ನನ್ನ ಮೂಗಿಗೆ ಮೂವತ್ತು ವರ್ಷದ ಅನುಭವವಿದೆ. ಹಿಂಡಿ ಬೇಯುತ್ತಿತ್ತು.

ಅದೇ ಹೊತ್ತಿಗೆ ಹಡಗಿನ ಕಂಪನಿಯ ಆಫೀಸಿನಿಂದ ಸಂದೇಶ ಬಂದಿತ್ತು. ಬಂದರು ಮುಟ್ಟುವ ಮೊದಲು ಎಲ್ಲ ಹೋಲ್ಡಿನ ಮಾಲಿನ ಶಾಖ ಎಷ್ಟಿದೆ ಎಂದು ಫೋಟೊ ಸಮೇತ ಕಳಿಸಬೇಕಂತೆ. ಮೇಲಿನಿಂದಲೇ ಶಾಖ ಅಳೆಯಲು ಒಂದು ಕೊಳವೆ ಇರುತ್ತದೆ. ಎರಡನೇ ಹೋಲ್ಡಿನ ಕೊಳವೆ ತುಕ್ಕು ಹಿಡಿದು ಕಟ್ಟಿಕೊಂಡಿತ್ತು. ಚೀಫ್ ಸಾಹೇಬರು ಹೆಚ್ಚು ಯೋಚಿಸಲಿಲ್ಲ. ಮುಚ್ಚಳದ ಪಕ್ಕದಲ್ಲಿ ಮನುಷ್ಯ ಇಳಿಯುವಷ್ಟು ಸಣ್ಣ ಬಾಯಿ ಇದೆ, ಒಳಗೆ ಏಣಿ ಇದೆ, ದಿಲೀಪ ಇದ್ದಾನೆ. "ಹತ್ತು ನಿಮಿಷದ ಕೆಲಸ" ಎಂದರು.

ಮುಚ್ಚಿದ ಜಾಗಕ್ಕೆ ಇಳಿಯುವುದಕ್ಕೂ ಒಂದು ಫಾರ್ಮು ಇದೆ. ಅದು ಬಹಳ ಒಳ್ಳೆಯ ಫಾರ್ಮು. ಗಾಳಿ ಆಡಿಸಿದ್ದೀರಾ, ಮೀಟರಿನಿಂದ ಆಮ್ಲಜನಕ ಅಳೆದಿದ್ದೀರಾ, ಮೇಲೆ ಕಾವಲಿಗೆ ಜನ ಇದ್ದಾರಾ, ಹೀಗೆ ಯಾವ ಸಾವೂ ನುಸುಳದಂತೆ ಬರೆದ ಪ್ರಶ್ನೆಗಳು. ಚೀಫ್ ಸಾಹೇಬರು ಪ್ರತಿ ಪ್ರಶ್ನೆಗೂ ಹೌದು ಎಂದು ಗುರುತು ಹಾಕಿ ಡೆಕ್ಕಿಗೆ ಬಂದರು. ಆಮ್ಲಜನಕದ ಅಂಕಿಯನ್ನೂ ಬರೆದಿದ್ದರು, ಶುದ್ಧ ಹಳ್ಳಿಗಾಳಿಯ ಅಂಕಿ. ಹೋಲ್ಡಿನ ಬಾಯಿ ಇನ್ನೂ ತೆರೆದಿರಲಿಲ್ಲ.

"ಮೀಟರ್ ಎಲ್ಲಿ ಸಾಹೇಬ್?" ಎಂದು ಕೇಳಿದೆ.

ಮೀಟರನ್ನು ತಂದರು. ಬಿರುದು ಬಾವಲಿಗಳನ್ನು ಇಡುವಂಥ ಗಾಜಿನ ಮುಚ್ಚಳದ ಪೆಟ್ಟಿಗೆ, ಜೊತೆಗೆ ಚೌಕಟ್ಟು ಹಾಕಿದ ಪ್ರಮಾಣಪತ್ರ. ನಮ್ಮ ಮನೆಗಳಲ್ಲಿ ಬೀಗರು ಬಂದಾಗ ತೋರಿಸಲೆಂದು ಶೋಕೇಸಿನಲ್ಲಿಡುವ ಚೀನೀ ಕಪ್ಪುಗಳ ಹಾಗೆ, ತಪಾಸಣೆಯವರು ಬಂದಾಗ ಹೊಸದಾಗಿ ಕಾಣಲೆಂದು ಅದನ್ನು ಬಳಸುತ್ತಿರಲಿಲ್ಲ. ಗುಂಡಿ ಒತ್ತಿದರು. ಮಷೀನು ಕಣ್ಣು ಬಿಡಲಿಲ್ಲ. ಪ್ರಮಾಣಪತ್ರ ಮಾತ್ರ ಇನ್ನೂ ಚಾಲ್ತಿಯಲ್ಲಿತ್ತು.

"ಪರವಾಗಿಲ್ಲ. ಮಾಲು ಒಣಗಿದೆ ಎಂದು ಇಲ್ಲಿ ಸರ್ಟಿಫಿಕೇಟೇ ಇದೆ. ಒಣ ಮಾಲಿನಲ್ಲಿ ಗಾಳಿ ಕೆಡುವುದಿಲ್ಲ" ಎಂದು ಚೀಫ್ ಸಾಹೇಬರು ಫಾರ್ಮಿನ ಹಿಂದೆ ಪಿನ್ ಮಾಡಿದ ಹಾಳೆಯನ್ನು ದಿಲೀಪನಿಗೆ ತೋರಿಸಿದರು. ಅದು ನನ್ನ ಹಾಳೆ. ದಿಲೀಪ ಓದಿದ. ಈಗ ಜಗಳ ತೆಗೆಯುತ್ತಾನೆ, ರಜಿಸ್ಟರ್ ಬಂದು ಹಿಡಿಯುತ್ತದೆಯೇ ಎಂದು ಕೇಳುತ್ತಾನೆ ಎಂದು ನಾನು ಕಾದೆ. ಅವನು ಕೇಳಲಿಲ್ಲ. ತಲೆಯಾಡಿಸಿ, ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳತೊಡಗಿದ. ನನಗೆ ಬಹಳ ವಿಚಿತ್ರವೆನಿಸಿತು.

ಇನ್ನು ಸುಮ್ಮನಿರುವುದು ಆಗಲಿಲ್ಲ. ಆದರೂ ನಿಜ ಹೇಳುವ ಧೈರ್ಯ ಬರಲಿಲ್ಲ, ಅಡ್ಡದಾರಿ ಹಿಡಿದೆ. "ಒಂದು ಕಂದೀಲು ಕೊಡಿ. ಹಗ್ಗಕ್ಕೆ ಕಟ್ಟಿ ಇಳಿಸಿ ನೋಡೋಣ, ಆರಿದರೆ ಗಾಳಿ ಕೆಟ್ಟಿದೆ ಅಂತ" ಎಂದೆ.

ಚೀಫ್ ಸಾಹೇಬರ ಮುಖ ಬಿಳುಪೇರಿತು. "ಬೆಂಕಿ? ಹಿಂಡಿಯ ಧೂಳಿನ ಮೇಲೆ? ಹಡಗನ್ನೇ ಸುಡಬೇಕೆಂದಿದ್ದೀರಾ?" ಆ ಮಾತು ಸರಿಯಾಗಿಯೇ ಇತ್ತು. ಆ ಮೂರು ದಿನದಲ್ಲಿ ಅವರು ಸುರಕ್ಷತೆಯ ಬಗ್ಗೆ ಮನಸಾರೆ ಆಡಿದ ಮೊದಲ ಮಾತು ಅದು, ಅದೂ ನನ್ನನ್ನು ಬಯ್ಯುವುದಕ್ಕೆ.

ಕಂದೀಲಿನ ಬುದ್ಧಿ ನನಗೆ ಬಂದದ್ದು ಹಗೇವಿನಿಂದ. ನೆಲದಲ್ಲಿ ಬಾವಿಯಂತೆ ತೋಡಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುವ ಕಣಜಕ್ಕೆ ನಮ್ಮಲ್ಲಿ ಹಗೇವು ಎನ್ನುತ್ತಾರೆ, ಮರಾಠಿಯವರು ಪೇವ ಎನ್ನುತ್ತಾರೆ. ಕಾಸಾರಶಿರಸಿಯ ನಮ್ಮ ಮನೆಯಲ್ಲಿ ನಾನು ಚಿಕ್ಕವನಿದ್ದಾಗಲೂ ಎರಡಿದ್ದವು. ತೆಗೆಯುವ ದಿನ ಬೆಳಿಗ್ಗೆ ಕಲ್ಲು ಸರಿಸಿ, ಹೊತ್ತು ನೆತ್ತಿಗೆ ಬರುವವರೆಗೆ ಯಾರೂ ಹತ್ತಿರ ಸುಳಿಯುತ್ತಿರಲಿಲ್ಲ. ಆಮೇಲೆ ಕಂದೀಲು ಇಳಿಸುತ್ತಿದ್ದರು. ಅದು ಎಲ್ಲ ಮನೆಗಳ ಪದ್ಧತಿ. ನಮ್ಮ ಮನೆಯಲ್ಲಿ ಇನ್ನೊಂದಿತ್ತು. ಹಗೇವು ತುಂಬಿಸಿದವನೇ ಮೊದಲು ಇಳಿಯಬೇಕು. ಅಜ್ಜನ ಕಾಲದಲ್ಲಿ ಒಂದು ವರ್ಷ ಹಸಿ ಜೋಳ ತುಂಬಿದ್ದರು. ತೆಗೆಯುವಾಗ ಆಳುಮಗನನ್ನು ಇಳಿಸಿದರು, ಅವನು ಮೇಲೆ ಬರಲಿಲ್ಲ. ಅಂದಿನಿಂದ ಅಜ್ಜ ಈ ಕಟ್ಟಳೆ ಹಾಕಿದ. ಆಮೇಲೆ ನಮ್ಮ ಮನೆಯ ಹಗೇವಿಗೆ ಹಸಿ ಕಾಳು ಬೀಳಲಿಲ್ಲ. ತಾನೇ ಇಳಿಯಬೇಕೆಂದು ಗೊತ್ತಿರುವವನು ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿಯೇ ತುಂಬುತ್ತಿದ್ದ.

ಇದನ್ನು ನಾನು ನನ್ನ ಮುರುಕು ಹಿಂದಿಯಲ್ಲಿ ಚೀಫ್ ಸಾಹೇಬರಿಗೆ ಹೇಳಿದೆ. ಹೇಳುತ್ತ ಹೇಳುತ್ತಲೇ ಎಲ್ಲಿ ಹೋಗಿ ನಿಲ್ಲುತ್ತಿದ್ದೇನೆ ಎಂದು ತಿಳಿಯಿತು. ಅವರು ನಕ್ಕರು. "ಬಹಳ ಒಳ್ಳೆಯ ಪದ್ಧತಿ. ಹಾಗಾದರೆ ಈ ಮಾಲನ್ನು ತುಂಬಿಸಿದವರು ನೀವೇ ತಾನೆ? ಬನ್ನಿ, ನೀವೇ ಮೊದಲು ಇಳಿಯಿರಿ" ಎಂದು ಆ ಸಣ್ಣ ಬಾಯಿಯ ಮುಚ್ಚಳ ತೆಗೆಸಿ, ನಾಟಕೀಯವಾಗಿ ಕೈ ಚಾಚಿದರು.

ಒಳಗಿನಿಂದ ಬಿಸಿ ಹಬೆ ಮುಖಕ್ಕೆ ಬಡಿಯಿತು. ಏಣಿಯ ನಾಲ್ಕು ಮೆಟ್ಟಿಲು ಕಾಣುತ್ತಿದ್ದವು, ಆಮೇಲೆ ಕತ್ತಲೆ. ಒಂದು ಹೆಜ್ಜೆ ಮುಂದಿಟ್ಟೆ. ಕಾಲು ಅಲ್ಲೇ ನಿಂತಿತು. ಐವತ್ತೆಂಟು ವರ್ಷದ ನಾನು, ಮೂವತ್ತು ವರ್ಷ ಒಣಗಿದೆ ಒಣಗಿದೆ ಎಂದು ಬರೆದವನು, ನಾನೇ ಬರೆದದ್ದರೊಳಗೆ ಇಳಿಯಲಾರದೆ ನಿಂತುಬಿಟ್ಟೆ.

"ಕಾಕಾ, ನೀವ್ ಸರೀರಿ. ನಾ ಇಳೀತೀನಿ. ನಿಮಗ ತಲಿ ತಿರಗ್ತದ" ಎಂದು ದಿಲೀಪ ನನ್ನನ್ನು ಮೆಲ್ಲಗೆ ಬದಿಗೆ ಸರಿಸಿ ಏಣಿಯ ಮೇಲೆ ಕಾಲಿಟ್ಟ.

ಅವನ ಸೊಂಟದ ಹಗ್ಗವನ್ನು ಎರಡೂ ಕೈಯಿಂದ ಹಿಡಿದು ಹಿಂದಕ್ಕೆ ಜಗ್ಗಿದೆ. ಇಬ್ಬರೂ ಡೆಕ್ಕಿನ ಮೇಲೆ ಬಿದ್ದೆವು. "ಇಳೀಬ್ಯಾಡೋ! ಒಣಗಿಲ್ಲದು! ಮಳ್ಯಾಗ ತೋಯ್ದಿತ್ತು, ನನಗ ಗೊತ್ತಿತ್ತು. ಗೊತ್ತಿದ್ದೇ ಸಹಿ ಮಾಡೀನಿ!" ಎಂದು ಕೂಗಿದೆ. ಆಮೇಲೆ ಅದನ್ನೇ ಹಿಂದಿಯಲ್ಲಿ ಹೇಳಿದೆ. ಹಿಂದಿಯಲ್ಲಿ ಹೇಳುವುದು ಸುಲಭವಾಯಿತು.

ಚೀಫ್ ಸಾಹೇಬರು ನನ್ನನ್ನೊಮ್ಮೆ, ನನ್ನ ಹಾಳೆಯನ್ನೊಮ್ಮೆ ನೋಡಿದರು. ಕೊನೆಗೆ, "ಇದು ಬಾಯಿಮಾತು. ಸರ್ಟಿಫಿಕೇಟ್ ಲಿಖಿತ" ಎಂದರು. ನಾನು ಅವರ ಪೆನ್ನು ಕಸಿದುಕೊಂಡು, ನನ್ನ ಹಾಳೆಯ ಮೇಲೆ ಅಡ್ಡಗೆರೆ ಎಳೆದು, ಮಾಲು ಒದ್ದೆಯಿದೆ, ಪರೀಕ್ಷೆ ಮಾಡಿಲ್ಲ ಎಂದು ಬರೆದು ಸಹಿ ಮಾಡಿಕೊಟ್ಟೆ. ಈಗ ಲಿಖಿತವಾಯಿತು. ಅವರಿಗೂ ಜೀವ ಬಂದಂತಾಯಿತು. ಸಣ್ಣ ಬಾಯಿಯನ್ನು ಮುಚ್ಚಿಸಿದರು, ಕ್ಯಾಪ್ಟನ್ನರಿಗೆ ತಿಳಿಸಿದರು. ಇಳಿಯುವ ಕೆಲಸ ರದ್ದಾಯಿತು. ರದ್ದಾಗಲು ಕಾರಣ ಬರೆಯುವ ಜಾಗದಲ್ಲಿ ಫಾರ್ಮು ಕೊಟ್ಟಿದ್ದ ಆಯ್ಕೆಗಳಲ್ಲಿ ನನ್ನಂಥವನಿಗೆ ಸ್ಥಳವಿರಲಿಲ್ಲ. ಸಾಹೇಬರು ಹುಡುಕಿ ಹುಡುಕಿ, ಪ್ರತಿಕೂಲ ಹವಾಮಾನ ಎಂಬುದಕ್ಕೆ ಗುರುತು ಹಾಕಿದರು. ಸಮುದ್ರ ತಾಟಿನಲ್ಲಿಟ್ಟ ಮಜ್ಜಿಗೆಯ ಹಾಗೆ ಅಲುಗಾಡದೆ ಮಲಗಿತ್ತು.

ದಿಲೀಪ ಎದ್ದು, ಸೊಂಟದ ಹಗ್ಗ ಬಿಚ್ಚಿ, ಸುತ್ತಿಟ್ಟು ಹೋದ. ಆ ಸಂಜೆ ಚಹಾಕ್ಕೆ ಬರಲಿಲ್ಲ.

ಕೊಲಂಬೊ

ಕೊಲಂಬೊದ ಫಲಕಗಳ ಮೇಲಿನ ಅಕ್ಷರಗಳು ನಮ್ಮ ಕನ್ನಡದ ಹಾಗೇ ದುಂಡಗೆ, ಜಿಲೇಬಿಯ ಹಾಗೆ ಇವೆ. ಓದಿಬಿಡುತ್ತೇನೆ ಎಂದು ಹತ್ತಿರ ಹೋದರೆ ಒಂದೂ ತಿಳಿಯುವುದಿಲ್ಲ. ಬಸ್ಸುಗಳು ನಮ್ಮ ಬಸ್ಸುಗಳಿಗಿಂತ ಜೋರಾಗಿ ಓಡುತ್ತವೆ. ಲುಂಗಿ ಉಟ್ಟ ಗಂಡಸರು ಹೌದು ಎನ್ನುವುದಕ್ಕೂ ಅಲ್ಲ ಎನ್ನುವುದಕ್ಕೂ ನಮ್ಮ ಹಾಗೆಯೇ ತಲೆಯನ್ನು ಅಡ್ಡಡ್ಡ ಅಲ್ಲಾಡಿಸುತ್ತಾರೆ. ಪರದೇಶಕ್ಕೆ ಬಂದೆ ಎಂದು ನಂಬಿಸಿಕೊಳ್ಳುವುದೇ ಕಷ್ಟವಾಯಿತು.

ನಂಬಿಕೆ ಬಂದದ್ದು ಬಂದರಿನಲ್ಲಿ ಹಡಗು ಹತ್ತಿದ ಒಬ್ಬ ಹೆಣ್ಣುಮಗಳಿಂದ. ಗಾಳಿ ಪರೀಕ್ಷಿಸುವುದು ಆಕೆಯ ಕೆಲಸ. ಸವೆದ ಚೀಲದಿಂದ ಗೀರು ಬಿದ್ದ, ಮೂಲೆಗೆ ಟೇಪು ಸುತ್ತಿದ ಮೀಟರ್ ತೆಗೆದಳು. ಹಡಗಿನ ಕಾಗದಗಳನ್ನು ಮುಂದೆ ಚಾಚಿದ ಚೀಫ್ ಸಾಹೇಬರಿಗೆ, "ಆಮೇಲೆ" ಎಂದು ಕೈ ತೋರಿಸಿ, ಎರಡನೇ ಹೋಲ್ಡಿನ ಸಣ್ಣ ಬಾಯಿಯಿಂದ ಉದ್ದನೆಯ ರಬ್ಬರ್ ನಳಿಕೆ ಇಳಿಸಿದಳು. ನಳಿಕೆ ಇನ್ನೂ ಅರ್ಧ ಇಳಿದಿರಲಿಲ್ಲ, ಮೀಟರ್ ಕಿರುಚತೊಡಗಿತು. ಆಕೆ ಅಂಕಿಯನ್ನು ನೋಡಿ, ದಿಲೀಪನನ್ನೂ ಖಲಾಸಿಗಳನ್ನೂ ನೋಡಿ, ಇಂಗ್ಲಿಷಿನಲ್ಲಿ ಕೇಳಿದಳು, ಇದರೊಳಗೆ ಯಾರಾದರೂ ಇಳಿದಿದ್ದಾರೆಯೇ ಎಂದು. ಇಲ್ಲ ಎಂದೆವು. "ಇಳಿದಿದ್ದರೆ ನಾನು ಈಗ ಬೇರೆ ಕಾಗದ ಬರೆಯಬೇಕಿತ್ತು" ಎಂದಳು. ಒಣಗಿದೆ ಎಂದು ಬರೆದುಕೊಟ್ಟವರು ಯಾರು ಎಂದು ಕೇಳಿದಾಗ ನಾನು ಶಾಲೆಯ ಹುಡುಗನ ಹಾಗೆ ಕೈ ಎತ್ತಿದೆ.

ಶೇಟಜಿಗೆ ಫೋನು ಮಾಡಿದೆ. ಬಯ್ಯುತ್ತಾರೆ ಎಂದುಕೊಂಡಿದ್ದೆ. ಬಹಳ ಮೃದುವಾಗಿ ಮಾತಾಡಿದರು. "ಕಾಕಾ, ಬರೋವಾಗ ಇಮಾನದಾಗ ಬರ್ರಿ, ಅವಸರ ಇಲ್ಲ. ಚೆಂದಾಗಿ ಲಂಕಾ ನೋಡಿ ಬರ್ರಿ. ನಿಮ್ಮ ಖುರ್ಚಿ ಮ್ಯಾಲ ಬ್ಯಾರೆಯವ್ರಿಗಿ ಕುಂಡ್ರಿಸೀವಿ" ಎಂದರು. ಅಂತೂ ನನಗೆ ವಿಮಾನದ ಊಟ ಖಾತ್ರಿಯಾಯಿತು. ಹೊಸಬರಿಗೆ ಮಷೀನು ದುರಸ್ತಿಯಾಗಿ ಬಂದಿದೆಯೇ ಎಂದು ಕೇಳಬೇಕೆಂದಿದ್ದೆ, ಅಷ್ಟರಲ್ಲಿ ಅವರು ಫೋನಿಟ್ಟರು.

ಹಡಗಿನ ಕತೆ ನನ್ನದಕ್ಕಿಂತ ಚೆನ್ನಾಗಿ ಮುಗಿಯಿತು. ಆಫೀಸಿನಿಂದ ಅಭಿನಂದನೆಯ ಸಂದೇಶ ಬಂತು. ಪ್ರತಿಕೂಲ ಹವಾಮಾನವನ್ನು ಸಕಾಲಕ್ಕೆ ಗಮನಿಸಿ ಅಪಾಯದ ಕೆಲಸವನ್ನು ಮುಂದೂಡಿದ್ದಕ್ಕಾಗಿ. ಚೀಫ್ ಸಾಹೇಬರು ಅದಕ್ಕೆ ಚೌಕಟ್ಟು ಹಾಕಿಸುವವರಿದ್ದರು.

ನಾನು ಇಳಿದು ಹೊರಡುವ ಹೊತ್ತಿಗೆ ದಿಲೀಪ ಮೆಟ್ಟಿಲ ಹತ್ತಿರ ನಿಂತಿದ್ದ. ಎರಡು ದಿನದಿಂದ ಅವನು ನನ್ನ ಜೊತೆ ಮಾತಾಡಿರಲಿಲ್ಲ. ನನ್ನ ಚೀಲ ಎತ್ತಿಕೊಂಡು ಬಂದರಿನ ಹೊರಗಿನವರೆಗೂ ಬಂದ. ಅಲ್ಲೊಂದು ಚಹಾದಂಗಡಿ. ಅಲ್ಲಿ ಕರಿಚಹಾಕ್ಕೆ ಸಕ್ಕರೆ ಹಾಕುವುದಿಲ್ಲ, ಅಂಗೈಯಲ್ಲಿ ಬೆಲ್ಲದ ತುಂಡು ಇಡುತ್ತಾರೆ. ಅದನ್ನು ಕಡಿಯುತ್ತ ಚಹಾ ಗುಟುಕರಿಸಬೇಕು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಬೆಲ್ಲ ನೀರು ಕೊಟ್ಟಂತೆ ಎಂದುಕೊಂಡೆ, ಆದರೆ ಅದನ್ನು ಹೇಳುವಷ್ಟು ಸಲಿಗೆ ಉಳಿದಿರಲಿಲ್ಲ.

"ಸಿಟ್ಟದಲ್ಲ ನನ್ನ ಮ್ಯಾಲ?" ಎಂದು ಕೇಳಿದೆ.

"ಅದ." ಬೆಲ್ಲ ಕಡಿದು ಒಂದು ಗುಟುಕು ಚಹಾ ಕುಡಿದ. "ನೀವ್ ಹಗ್ಗ ಜಗ್ಗದಿದ್ರ ನನ್ ಮಗಳಿಗಿ ಅಪ್ಪ ಇರ್ತಿರಲಿಲ್ಲ. ಅದೂ ಖರೆ ಅದ. ಎರಡೂ ಒಮ್ಮಿಗೇ ಹೊಟ್ಯಾಗ ಇಟ್ಕೊಂಡು ತಿರಗ್ಲತ್ತೀನಿ, ಏನ್ ಅನ್ನಬೇಕು ತಿಳೀಲಾರದು."

"ಆ ಹೊತ್ತಿಗೆ ನೀ ಮೀಟರಿಗಿ ಜಗಳ ತೆಗೀತೀ ಅಂದ್ಕೊಂಡಿದ್ದೆ ದಿಲೀಪ. ಏಣಿಗಿ ಬಡದು ನೋಡಾಂವ ನೀ. ಅವತ್ತ ಯಾಕ ಸುಮ್ನಾದಿ?"

ಅವನು ನನ್ನ ಕಡೆ ತಿರುಗಿದ. "ಹದಿನೆಂಟ ವರ್ಷದಾಗ ಮೀಟರ್ ಇಲ್ದ ಒಂದ್ ಹೋಲ್ಡಿಗೂ ಕಾಲ್ ಇಟ್ಟಿಲ್ರಿ ನಾ. ಯಾ ಸಾಹೇಬನ ಕಾಗದಾನೂ ನಂಬಿಲ್ಲ. ಅವತ್ತ ಆ ಹಾಳಿ ನೋಡ್ದೆ. ಕೆಳಗ ನಿಮ್ಮ ಹೆಸರು, ಮುಂದ ಕಾಸಾರಶಿರಸಿ ಅಂತ ಬರದಿತ್ತು. ನಮ್ಮ ಕಾಕಾನೇ ಸಹಿ ಮಾಡ್ಯಾರ, ಇನ್ನ ಮೀಟರ್ ಯಾಕ ಬೇಕು ಅಂದ್ಕೊಂಡೆ."

ಬೆಲ್ಲದ ತುಂಡು ನನ್ನ ಅಂಗೈಯಲ್ಲೇ ಇತ್ತು. ಬಾಯಿಗೆ ಹಾಕಿಕೊಳ್ಳಲು ಆಗಲಿಲ್ಲ.